ಮೊದಲು ಬಣ್ಣ ಯೋಚಿಸಿ, ಆಮೇಲೆ ಲೇಸರ್

ಇಲ್ಲಿ ಕೂತವರಲ್ಲಿ ಕೆಲವರು ಫ್ಲೆಕ್ಸ್, ಸ್ಟಿಕ್ಕರ್ ಅಂಗಡಿಯವರು. ಕೆಲವರು ಮಣಿಪಾಲದಲ್ಲಿ ಓದುತ್ತಿರುವ ಹುಡುಗ ಹುಡುಗಿಯರು. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ, ಯಾವ ಮಷಿನ್ ತಗೊಳ್ಳಬೇಕು ಅಂತ. ಅದನ್ನೂ ಹೇಳುತ್ತೇನೆ. ಅದಕ್ಕಿಂತ ಮುಂಚೆ ಬಣ್ಣದ ವಿಷಯ. ಪಾರದರ್ಶಕ ಅಕ್ರಿಲಿಕ್, ಅಂದರೆ ಗಾಜಿನಂಥ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಲೇಸರ್‌ನಲ್ಲಿ ಅಕ್ಷರ ಕೊರೆದು ಬಣ್ಣ ತುಂಬಿ ಹೆಸರಿನ ಹಲಗೆ ಮಾಡುವ ಕೆಲಸದಲ್ಲಿ ಬಣ್ಣ ಹಚ್ಚುವುದು ಕೊನೆಗೆ, ಯೋಚಿಸಬೇಕಾದದ್ದು ಎಲ್ಲಕ್ಕಿಂತ ಮೊದಲು. ಎಷ್ಟು ಆಳ ಕೊರೆಯಬೇಕು, ಎದುರಿಂದಲೋ ಹಿಂದಿನಿಂದಲೋ, ಅಕ್ಷರದ ಗೆರೆ ಎಷ್ಟು ದಪ್ಪ ಇರಬೇಕು, ಯಾವ ಶೀಟ್ ತರಬೇಕು, ಇದೆಲ್ಲ ಬಣ್ಣವನ್ನು ನೋಡಿಕೊಂಡೇ ತೀರ್ಮಾನ ಆಗಬೇಕು. ಫೈಲ್ ಮಾಡಿ, ಕೊರೆದು, ಆಮೇಲೆ ಯಾವ ಬಣ್ಣ ಹಾಕೋಣ ಅಂತ ಗಿರಾಕಿಯನ್ನು ಕೇಳಿದರೆ ಕೆಲಸ ಅರ್ಧ ಕೆಟ್ಟ ಹಾಗೆಯೇ.

ನಮ್ಮೂರಿನ ಗೇಟುಗಳನ್ನೇ ನೋಡಿ. ಒಂದೋ ಬಿಳಿ ಬಣ್ಣ ಬಳಿದ ಕಂಬ, ಇಲ್ಲದಿದ್ದರೆ ಕೆಂಪು ಕಲ್ಲು, ಅದೂ ಅಲ್ಲದಿದ್ದರೆ ಕರಿ ಗ್ರಾನೈಟ್. ಬಣ್ಣ ತುಂಬದೆ ಸುಮ್ನೆ ಕೊರೆದ ಅಕ್ಷರ ಮಂಜಿನ ಹಾಗೆ ಬೆಳ್ಳಗೆ ಕಾಣುತ್ತದೆ. ಕರಿ ಗ್ರಾನೈಟ್ ಮೇಲೆ ಅದು ಚೆಂದ. ಬಿಳಿ ಕಂಬದ ಮೇಲೆ ಹಾಕಿದರೆ ನಾಲ್ಕನೇ ದಿನ ಫೋನ್ ಬರುತ್ತದೆ, "ಅಣ್ಣ, ಹತ್ತಿರ ಹೋದ್ರೂ ಹೆಸರು ಓದ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಅಂತ. ಕೆಂಪು ಕಲ್ಲಿನ ಮೇಲೆ ಕೆಂಪು ಅಕ್ಷರ, ಕಂದು ಅಕ್ಷರ ಎರಡೂ ಕಳೆದುಹೋಗುತ್ತವೆ. ಇನ್ನೊಂದು ಸಂಗತಿ ಉಂಟು. ಹಲಗೆಯನ್ನು ಸ್ಟೀಲ್ ಸ್ಟಡ್ ಹಾಕಿ ಗೋಡೆಯಿಂದ ಎರಡು ಸೆಂಟಿಮೀಟರ್ ಮುಂದೆ ನಿಲ್ಲಿಸುತ್ತೇವಲ್ಲ, ಆಗ ಬಣ್ಣ ತುಂಬಿದ ಅಕ್ಷರದ ನೆರಳು ಹಿಂದಿನ ಗೋಡೆಯ ಮೇಲೆ ಬೀಳುತ್ತದೆ. ಅಕ್ಷರ ಒಂದು, ನೆರಳು ಒಂದು. ದೊಡ್ಡ ಅಕ್ಷರಕ್ಕೆ ಅದೊಂದು ಅಲಂಕಾರ, ಸಣ್ಣ ಅಕ್ಷರಕ್ಕೆ ಅದು ಗೊಂದಲ. ಸಣ್ಣ ಅಕ್ಷರ ಜಾಸ್ತಿ ಇದ್ದರೆ ಬಣ್ಣ ತುಂಬಿದ ಮೇಲೆ ಹಿಂಬದಿ ಪೂರ್ತಿ ಬಿಳಿ ಬಳಿದುಬಿಡಿ, ನೆರಳಿನ ತೊಂದರೆಯೇ ಇಲ್ಲ. ಹಾಗಾಗಿ ಗಿರಾಕಿ ಬಂದ ಕೂಡಲೇ ಗೋಡೆಯ ಫೋಟೋ ಕೇಳಿ. ಹೆಸರು ಆಮೇಲೆ ಬರೆದುಕೊಳ್ಳಿ.

ಈಗ ಮಷಿನ್. ಕಡಿಮೆ ಬೆಲೆಗೆ ಸಿಗುವುದು ಡಯೋಡ್ ಲೇಸರ್. ಅದರ ನೀಲಿ ಬೆಳಕಿನ ತರಂಗಾಂತರ ಸುಮಾರು 450 ನ್ಯಾನೋಮೀಟರ್, ಅಂದರೆ ನಮ್ಮ ಕಣ್ಣಿಗೆ ಕಾಣುವ ಬೆಳಕು. ಆ ಬೆಳಕನ್ನು ತಡೆಯದೆ ಬಿಡುವುದರಿಂದಲೇ ಈ ಅಕ್ರಿಲಿಕ್ ಪಾರದರ್ಶಕ, ಅಲ್ವಾ? ಡಯೋಡ್ ಕಿರಣ ಶೀಟನ್ನು ದಾಟಿ ಕೆಳಗಿರುವ ಹಲಗೆಯನ್ನು ಸುಡುತ್ತದೆ. ಶೀಟಿಗೆ ಏನೂ ಆಗುವುದಿಲ್ಲ. ಶೀಟಿನ ಮೇಲೆ ಕಪ್ಪು ಪೋಸ್ಟರ್ ಕಲರ್ ಬಳಿದು ಒಣಗಿಸಿದರೆ ಆ ಕಪ್ಪು ಕಾದು ಕೆಳಗಿನ ಅಕ್ರಿಲಿಕ್ ಮೇಲೂ ಗುರುತು ಮೂಡುತ್ತದೆ. ಕೀಚೈನಿಗೆ ಅಷ್ಟು ಸಾಕು. ಬಣ್ಣ ನಿಲ್ಲುವಷ್ಟು ಸಮನಾದ ಆಳ ಅದರಲ್ಲಿ ಬರುವುದಿಲ್ಲ.

ನಮಗೆ ಬೇಕಾದದ್ದು ಸಿಓಟು ಲೇಸರ್, ಕಾರ್ಬನ್ ಡೈಆಕ್ಸೈಡ್ ಅನಿಲದ್ದು. ಅದರ ತರಂಗಾಂತರ 10.6 ಮೈಕ್ರಾನ್, ಅಂದರೆ 10,600 ನ್ಯಾನೋಮೀಟರ್. ಕಣ್ಣಿಗೆ ಕಾಣದ ಈ ಕಿರಣವನ್ನು ಅಕ್ರಿಲಿಕ್ ಮೇಲ್ಮೈಯಲ್ಲೇ ಹೀರಿಕೊಳ್ಳುತ್ತದೆ, ಅಲ್ಲೇ ಕಾಯುತ್ತದೆ, ಆವಿಯಾಗುತ್ತದೆ. ಎಷ್ಟೋ ಸಿಓಟು ಮಷಿನ್‌ಗಳ ಮುಚ್ಚಳದಲ್ಲಿ ಇಣುಕಿ ನೋಡಲು ಇರುವ ಕಿಟಕಿ ಅಕ್ರಿಲಿಕ್ಕಿನದ್ದೇ. ನಿಮಗೆ ಒಳಗಿನದ್ದು ಕಾಣುತ್ತದೆ, ಕಿರಣ ಹೊರಗೆ ಬರುವುದಿಲ್ಲ. ಆ ಕಿಟಕಿಯನ್ನು ನಂಬಿ ಅದೇ ಶೀಟನ್ನು ಡಯೋಡ್ ಮಷಿನ್‌ಗೆ ಹಾಕಬೇಡಿ, ಕಣ್ಣು ಹೋದೀತು. ಈ ಲೇಸರನ್ನು ಮೊದಲು ಮಾಡಿದವರು ಸಿ. ಕುಮಾರ್ ಪಟೇಲ್. 1964ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು. ಆಗ ಅವರಿಗೆ 30 ತುಂಬಿರಲಿಲ್ಲ. ಇಲ್ಲಿರುವ ಹುಡುಗರು ಈ ಹೆಸರು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಆಸೆ.

ಕೊರೆಯುವುದಕ್ಕೆ 40 ವ್ಯಾಟ್ ಸಾಕು. ಐದಾರು ಮಿಲಿಮೀಟರ್ ಶೀಟನ್ನು ದಿನವಿಡೀ ಕತ್ತರಿಸುವುದಿದ್ದರೆ 60 ಅಥವಾ 80 ನೋಡಿ. ಮಷಿನ್ ಬಗ್ಗೆ ಇಷ್ಟು ಸಾಕು.

ಶೀಟಿನ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡೋಣ, ಹಣ ಪೋಲಾಗುವುದು ಇಲ್ಲೇ. ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ, ಕಾಸ್ಟ್ ಮತ್ತು ಎಕ್ಸ್‌ಟ್ರೂಡೆಡ್. ಕಾಸ್ಟ್ ಅಂದರೆ ಎರಡು ಗಾಜಿನ ಹಲಗೆಗಳ ನಡುವೆ ದ್ರವ ಸುರಿದು ಗಟ್ಟಿ ಮಾಡಿದ್ದು. ಎಕ್ಸ್‌ಟ್ರೂಡೆಡ್ ಅಂದರೆ ಕರಗಿಸಿ ಯಂತ್ರದ ಬಾಯಿಂದ ಒತ್ತಿ ಹೊರಗೆ ತಂದದ್ದು. ಎರಡೂ ಒಂದೇ ಪ್ಲಾಸ್ಟಿಕ್, ಕಣ್ಣಿಗೆ ಒಂದೇ ಥರ. ಎಕ್ಸ್‌ಟ್ರೂಡೆಡ್ ಅಗ್ಗ, ದಪ್ಪವೂ ಎಲ್ಲ ಕಡೆ ಸಮ. ಲೇಸರ್ ಬಿದ್ದಾಗ ಮಾತ್ರ ಗುಣ ಗೊತ್ತಾಗುತ್ತದೆ. ಕಾಸ್ಟ್ ಶೀಟ್ ಆವಿಯಾಗಿ ಹೋಗಿ ಒರಟಾದ ಬಿಳಿ ತಳ ಬಿಡುತ್ತದೆ. ಎಕ್ಸ್‌ಟ್ರೂಡೆಡ್ ಕರಗುತ್ತದೆ, ಹರಿಯುತ್ತದೆ, ಅಕ್ಷರದ ಅಂಚಿನಲ್ಲಿ ಸಣ್ಣ ದಡ ಕಟ್ಟುತ್ತದೆ. ಬಣ್ಣ ಹಚ್ಚಿ ಒರೆಸುವಾಗ ಆ ದಡದ ಬುಡದಲ್ಲಿ ಬಣ್ಣ ಉಳಿದು ಅಕ್ಷರದ ಸುತ್ತ ಕೊಳೆಯ ಗೆರೆ ಬರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಅಂಗಡಿಯವರಲ್ಲಿ ಒಂದು ಚೂರು ತುಂಡು ಕೇಳಿ ತನ್ನಿ. ಒಂದು ಇಂಚಿನ ಚೌಕ ಕೊರೆಯಿರಿ. ಬೆಳ್ಳಗೆ ಬಂದರೆ ಕಾಸ್ಟ್. ಬೆಳ್ಳಗಾಗದೆ ಅರ್ಧ ಪಾರದರ್ಶಕವಾಗಿ ಬಂದರೆ ಎಕ್ಸ್‌ಟ್ರೂಡೆಡ್. ಮೇಲೆ ಕಾಗದ ಅಂಟಿಸಿದೆಯೋ ಪ್ಲಾಸ್ಟಿಕ್ ಅಂಟಿಸಿದೆಯೋ ಅಂತ ನೋಡಿ ತೀರ್ಮಾನ ಮಾಡಬೇಡಿ. ಪಾಲಿಕಾರ್ಬೊನೇಟ್ ಶೀಟನ್ನು ಅಕ್ರಿಲಿಕ್ ಅಂತ ಕೊಟ್ಟರೆ ಅದೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಹಳದಿ ಕಂದಾಗಿ ಸುಡುತ್ತದೆ.

ಈಗ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಬಣ್ಣ ತುಂಬಿದ ಮೇಲೆ ಆ ಬಿಳಿ ತಳ ಮುಚ್ಚಿಹೋಗುತ್ತದಲ್ಲ, ಮತ್ತೆ ಕಾಸ್ಟ್ ಯಾಕೆ ಅಂತ. ಉತ್ತರ ಹೇಳುವುದಕ್ಕೆ ಬಿಳುಪು ಎಲ್ಲಿಂದ ಬಂತು ಅಂತ ನೋಡಬೇಕು. ಕೊರೆದ ತಳದಲ್ಲಿ ಬಿಳಿ ಬಣ್ಣ ಅಂತ ಏನೂ ಇಲ್ಲ. ಸಾವಿರಾರು ಸಣ್ಣ ಗುಂಡಿಗಳಿವೆ, ಅದರಲ್ಲಿ ಗಾಳಿ ಇದೆ. ಬೆಳಕು ಅಕ್ರಿಲಿಕ್ಕಿನಿಂದ ಗಾಳಿಗೆ ಬರುವಾಗ ಅಡ್ಡಾದಿಡ್ಡಿ ಚದುರಿ ಬೆಳ್ಳಗೆ ಕಾಣುತ್ತದೆ. ಬಚ್ಚಲಮನೆಯ ಮಂಜು ಗಾಜಿನ ಒರಟು ಬದಿಗೆ ನೀರು ಬಿದ್ದರೆ ಅಷ್ಟು ಜಾಗ ತಿಳಿಯಾಗುವುದನ್ನು ನೀವು ನೋಡಿರುತ್ತೀರಿ. ನೀರು ಗುಂಡಿಗಳನ್ನು ತುಂಬಿತು, ಗಾಳಿ ಹೊರಗೆ ಹೋಯಿತು. ನಮ್ಮ ಬಣ್ಣವೂ ಅದನ್ನೇ ಮಾಡುತ್ತದೆ. ಅಕ್ರಿಲಿಕ್ ಬಣ್ಣದಲ್ಲಿರುವ ಅಂಟೂ ಇದೇ ಅಕ್ರಿಲಿಕ್ ಕುಟುಂಬದ್ದು. ಅಕ್ರಿಲಿಕ್ ಶೀಟಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.49, ಬಣ್ಣದ ಅಂಟಿನದ್ದೂ ಅದರ ಹತ್ತಿರಹತ್ತಿರ. ಹಾಗಾಗಿ ಬಣ್ಣ ಒರಟು ತಳಕ್ಕೆ ಸರಿಯಾಗಿ ಇಳಿದರೆ ಎದುರಿನಿಂದ ನೋಡುವವರಿಗೆ ಆ ಒರಟುತನವೇ ಕಾಣುವುದಿಲ್ಲ. ಗಾಜಿನ ಒಳಗೇ ಬಣ್ಣ ಕೂತ ಹಾಗೆ ಗಾಢವಾಗಿ, ಹೊಳಪಾಗಿ ಕಾಣುತ್ತದೆ. ಒರಟು ಇದ್ದದ್ದರಿಂದ ಬಣ್ಣ ಹಿಡಿದುಕೊಳ್ಳುವುದೂ ಗಟ್ಟಿ.

ಸರಿಯಾಗಿ ಇಳಿಯದಿದ್ದರೆ? ಒಂದು ಹಲಗೆಯನ್ನು ತಿರುಗಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಕಪ್ಪು ಅಕ್ಷರದ ಒಳಗೆ ರವೆಯಷ್ಟು ಸಣ್ಣ ಬಿಳಿ ಚುಕ್ಕಿಗಳು ಕಾಣುತ್ತವೆ. ಧೂಳು ಅಂದುಕೊಂಡು ಎದುರಿನಿಂದ ಒರೆಸುತ್ತಾ ಇರುತ್ತಾರೆ. ಅದು ಗಾಳಿ. ದಪ್ಪ ಬಣ್ಣವನ್ನು ಒಂದೇ ಸಲ ಮೆತ್ತಿದಾಗ ಗುಂಡಿಯ ಬಾಯಿ ಮುಚ್ಚಿ ಒಳಗೆ ಗಾಳಿ ಉಳಿಯುತ್ತದೆ. ಇದಕ್ಕೆ ಉಪಾಯ ಇಷ್ಟೇ: ಮೊದಲ ಕೈ, ಅಂದರೆ ಮೊದಲ ಲೇಪ, ತೆಳುವಾಗಿರಲಿ. ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ, ಗಿಡ್ಡ ಬ್ರಷ್ಷಿನ ತುದಿಯನ್ನು ನೇರ ಹಿಡಿದು ಕುಟ್ಟುತ್ತಾ ಹಚ್ಚಿ. ಎಳೆಯಬೇಡಿ, ಕುಟ್ಟಿ. ಅದು ಒಣಗಿದ ಮೇಲೆ ಎರಡನೇ ಕೈ ದಪ್ಪಗೆ. ನೀರಿನ ಬಣ್ಣ ಒಣಗುವಾಗ ಇಳಿಯುತ್ತದೆ, ಅದಕ್ಕೂ ಎರಡು ಕೈ ಬೇಕೇ ಬೇಕು. ಆಳ 0.3ರಿಂದ 0.5 ಮಿಲಿಮೀಟರ್ ಇರಲಿ. ಅದಕ್ಕಿಂತ ಕಡಿಮೆ ಆದರೆ ಒರೆಸುವಾಗ ಬಟ್ಟೆ ತಳಕ್ಕೇ ತಾಗಿ ಬಣ್ಣ ಎದ್ದು ಬರುತ್ತದೆ.

ಮನೆ ಹಲಗೆಗೆ ನಾನು ಹಿಂದಿನಿಂದಲೇ ಕೊರೆಯುತ್ತೇನೆ, ಕನ್ನಡಿ ಬಿಂಬ ಮಾಡಿ. ಎದುರಿನ ಮೈ ನುಣುಪಾಗಿ ಉಳಿಯುತ್ತದೆ, ಮಳೆ ನೀರು ಬಣ್ಣಕ್ಕೆ ನೇರ ತಾಗುವುದಿಲ್ಲ, ಅಕ್ಷರದ ಗುಂಡಿಯಲ್ಲಿ ಪಾಚಿ ಹಿಡಿಯುವುದಿಲ್ಲ. ನಮ್ಮ ನಾಲ್ಕು ತಿಂಗಳ ಮಳೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ತಿರುವುಮುರುವಾದ ಕನ್ನಡ ಅಕ್ಷರ ನಮ್ಮ ಕರಾವಳಿಗೆ ಹೊಸದೂ ಅಲ್ಲ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಶುರು ಮಾಡಿದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಆ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಕಲ್ಲಿನ ಮೇಲೆ ಅಕ್ಷರ ಉಲ್ಟಾ ಇದ್ದರೆ ಮಾತ್ರ ಕಾಗದದ ಮೇಲೆ ನೇರ ಬೀಳುತ್ತದೆ. ನಾವು ಒಂದು ಬಟನ್ ಒತ್ತಿ ಮಾಡುವುದನ್ನು ಅವರು ಕೈಯಲ್ಲಿ ಮಾಡುತ್ತಿದ್ದರು. ನನಗೆ ಉಲ್ಟಾ ಅಕ್ಷರದ ಪ್ರೂಫ್ ನೋಡುವಾಗಲೆಲ್ಲ ಅವರ ನೆನಪು ಬರುತ್ತದೆ. ಪ್ರೂಫ್ ಗಿರಾಕಿಗೆ ಕಳಿಸುವಾಗ ಮಾತ್ರ ನೇರ ಇರುವುದನ್ನೇ ಕಳಿಸಿ, ಉಲ್ಟಾ ನೋಡಿ ಗಾಬರಿ ಆಗುತ್ತಾರೆ.

ಕನ್ನಡ ಅಕ್ಷರದ ತೊಂದರೆಗಳು ಇಂಗ್ಲಿಷ್ ವಿಡಿಯೋಗಳಲ್ಲಿ ಸಿಗುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ, ಕರ್ವ್ಸ್ ಮಾಡುತ್ತೀರಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರ ಮಾಡುತ್ತೀರಿ. ಕನ್ನಡದಲ್ಲಿ ಮೂಲ ಅಕ್ಷರ ಒಂದು ಆಕಾರ, ಗುಣಿತ ಇನ್ನೊಂದು, ಒತ್ತು ಮತ್ತೊಂದು. ಇವು ಒಂದರ ಮೇಲೆ ಒಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಲೇಸರ್ ಸಾಫ್ಟ್‌ವೇರ್‌ಗೆ ಹೋದಾಗ ಎರಡು ಆಕಾರ ಹತ್ತಿಕೊಂಡ ಜಾಗವನ್ನು ಅದು ಖಾಲಿ ಅಂತ ಲೆಕ್ಕ ಹಾಕಬಹುದು. ‘ಶ್ರೀ’ ಬರೆದರೆ ಒತ್ತು ಸೇರುವಲ್ಲಿ, ದೀರ್ಘ ಸೇರುವಲ್ಲಿ ಕೊರೆಯದ ಸಣ್ಣ ತುಂಡುಗಳು ಉಳಿಯುತ್ತವೆ. ಬಣ್ಣ ತುಂಬಿದ ಮೇಲೆ ಅಕ್ಷರ ಕತ್ತರಿಸಿದ ಹಾಗೆ ಕಾಣುತ್ತದೆ. ಕರ್ವ್ಸ್ ಮಾಡಿದ ಮೇಲೆ ಪ್ರತಿ ಅಕ್ಷರವನ್ನೂ ವೆಲ್ಡ್ ಮಾಡಿ, ಅಂದರೆ ಅದರ ತುಂಡುಗಳನ್ನು ಒಂದೇ ಆಕಾರವಾಗಿ ಬೆಸೆಯಿರಿ, ಆಮೇಲೆ ಔಟ್‌ಲೈನ್ ನೋಟದಲ್ಲಿ ಒಂದು ಸಲ ಕಣ್ಣಾಡಿಸಿ. ಯೂನಿಕೋಡ್‌ಗಿಂತ ಮುಂಚಿನ ಹಳೆಯ ಆಸ್ಕಿ ಫಾಂಟಿನ ಫೈಲ್ ಬಂದರೆ ಅದನ್ನು ತಿದ್ದುತ್ತಾ ಕೂರುವ ಬದಲು ಹೊಸದಾಗಿ ಟೈಪ್ ಮಾಡಿ.

ಎರಡನೆಯದು ಮಹಾಪ್ರಾಣ. ಶಾಲೆಯಲ್ಲಿ ಹೊಟ್ಟೆ ಸೀಳುವುದು ಅಂತ ಹೇಳಿಕೊಡುತ್ತಿದ್ದರಲ್ಲ, ಆ ಸೀಳು. ‘ಭಂಡಾರಿ’ ಅಂತ 20 ಮಿಲಿಮೀಟರ್ ಅಕ್ಷರದಲ್ಲಿ ಕೊರೆದರೆ ‘ಭ’ದ ಕೆಳಗಿನ ಸೀಳಿನ ಅಕ್ಕಪಕ್ಕ ಉಳಿಯುವ ಜಾಗ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬಣ್ಣ ಹರಡಿ ಅದು ಮುಚ್ಚಿದರೆ ಮನೆಯವರು ‘ಬಂಡಾರಿ’ ಆಗುತ್ತಾರೆ. ತಮ್ಮ ಹೆಸರು ತಪ್ಪಾಗಿರುವ ಹಲಗೆಯನ್ನು ಯಾರು ತಾನೇ ಗೇಟಿಗೆ ಹಾಕಿಕೊಳ್ಳುತ್ತಾರೆ? ‘ರಾಧಾ’ದ ಸೀಳು, ‘ಠ’ದ ಚುಕ್ಕಿ, ಒತ್ತಕ್ಷರದ ಸಂದುಗಳು ಎಲ್ಲದಕ್ಕೂ ಇದೇ ಕಥೆ. ನೂರು ಪರ್ಸೆಂಟ್ ಗಾತ್ರದಲ್ಲಿ ಕಾಗದಕ್ಕೆ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. ಬಣ್ಣ ತುಂಬುವ ಗೆರೆ ಒಂದು ಮಿಲಿಮೀಟರ್‌ಗಿಂತ ಸಣ್ಣದಾಗಬಾರದು, ಸಂದು ಕೂಡ ಅದರ ಆಸುಪಾಸಿಗೆ ಇರಲಿ. ಕಡಿಮೆ ಇದ್ದರೆ ಅಕ್ಷರ ದೊಡ್ಡದು ಮಾಡಿ, ಇಲ್ಲವೇ ಫಾಂಟ್ ಬದಲಿಸಿ. ಸೀಳನ್ನು ಕೈಯಾರೆ ಸ್ವಲ್ಪ ಅಗಲ ಮಾಡುವುದೂ ಒಂದು ದಾರಿ, ನನಗೆ ಅದೇ ಇಷ್ಟ.

ತುಳು ಲಿಪಿಯಲ್ಲೂ ಮನೆ ಹೆಸರು ಬೇಕು ಅಂತ ಕೇಳುವವರಿದ್ದಾರೆ. 2024ರಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿದೆ. ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಅದು ಸರಿಯಾಗಿ ಕೂಡಿಕೊಂಡು ಬರುವ ತನಕ ಲಿಪಿ ಗೊತ್ತಿರುವವರಿಂದ ಬರೆಸಿ, ಸ್ಕ್ಯಾನ್ ಮಾಡಿ ಗೆರೆ ತೆಗೆಯುವುದೇ ಸರಿ.

ಇನ್ನು ಮಾಸ್ಕ್. ಶೀಟಿನ ಮೇಲಿನ ಹೊದಿಕೆಯನ್ನು ತೆಗೆಯದೆ ಅದರ ಮೂಲಕವೇ ಕೊರೆದು, ಬಣ್ಣ ಹಚ್ಚಿ, ಆಮೇಲೆ ಹೊದಿಕೆ ಕಿತ್ತರೆ ಅಂಚು ಚೊಕ್ಕ ಬರುತ್ತದೆ. ಕಾಗದದ ಹೊದಿಕೆ ಇದಕ್ಕೆ ಒಳ್ಳೆಯದು. ತೆಳು ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದು ಅಂಚಿನಲ್ಲಿ ಕರಗಿ ಅಂಟುತ್ತದೆ, ಅದನ್ನು ತೆಗೆದು ಕಾಗದದ ಮಾಸ್ಕಿಂಗ್ ಟೇಪ್ ಹಾಕಿ. ಹೊದಿಕೆ ಕೀಳುವ ಹೊತ್ತು ಮುಖ್ಯ. ಬಣ್ಣ ಮುಟ್ಟಿದರೆ ಅಂಟಬಾರದು, ಆದರೆ ಪೂರ್ತಿ ಗಟ್ಟಿಯೂ ಆಗಿರಬಾರದು. ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಕ್ಷರದೊಳಗಿನ ಬಣ್ಣವೂ ಹರಿದು ಜೊತೆಗೆ ಬರುತ್ತದೆ. ಕನ್ನಡದ ದುಂಡು ಅಕ್ಷರದ ಹೊಟ್ಟೆಯೊಳಗೆಲ್ಲ ಸಣ್ಣ ಸಣ್ಣ ದ್ವೀಪಗಳು ಉಳಿದಿರುತ್ತವೆ, ಅವನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಬೇಕು. ಹೆಸರಿನ ಕೆಳಗೆ ಪೂರ್ತಿ ವಿಳಾಸ ಇದ್ದರೆ ಈ ಕೆಲಸಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಸಣ್ಣ ಅಕ್ಷರಕ್ಕೆ ನಾನು ಮಾಸ್ಕ್ ಬಿಟ್ಟು, ಬಣ್ಣ ತುಂಬಿ, ಅರ್ಧ ಒಣಗಿದಾಗ ಹಳೆಯ ಎಟಿಎಂ ಕಾರ್ಡಿಗೆ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ ಅಡ್ಡಲಾಗಿ ಒರೆಸುತ್ತೇನೆ. ಬಟ್ಟೆ ಬಿಗಿ ಇದ್ದರೆ ಅದು ಗುಂಡಿಯೊಳಗೆ ಇಳಿಯುವುದಿಲ್ಲ.

ಸ್ಟಿಕ್ಕರ್ ಅಂಗಡಿಯವರು ದಯವಿಟ್ಟು ಇದನ್ನು ಕೇಳಿ. ನಿಮ್ಮಲ್ಲಿರುವ ವಿನೈಲ್ ರೋಲನ್ನು ಮಾಸ್ಕ್ ಅಂತ ಹಾಕಿ ಲೇಸರ್ ಹೊಡೆಯಬೇಡಿ. ಸನ್‌ಬೋರ್ಡನ್ನೂ ಲೇಸರ್‌ನಲ್ಲಿ ಕತ್ತರಿಸಬೇಡಿ. ಎರಡೂ ಪಿವಿಸಿ, ಕ್ಲೋರಿನ್ ಇರುವ ಪ್ಲಾಸ್ಟಿಕ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಗಾಳಿಯ ತೇವದ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲ ಆಗುತ್ತದೆ. ಮಷಿನ್‌ನ ರೈಲು, ಕನ್ನಡಿ ತುಕ್ಕು ಹಿಡಿದು ಹಾಳಾಗುತ್ತವೆ. ಅದಕ್ಕಿಂತ ಮೊದಲು ಹತ್ತಿರ ನಿಂತ ಹುಡುಗನ ಶ್ವಾಸಕೋಶ ಹಾಳಾಗುತ್ತದೆ. ಅಕ್ರಿಲಿಕ್ಕಿನ ಹೊಗೆಯೂ ಒಳ್ಳೆಯದಲ್ಲ, ಎಕ್ಸಾಸ್ಟ್ ಇಲ್ಲದೆ ಕೆಲಸ ಶುರು ಮಾಡಲೇಬೇಡಿ. ಅದರ ಆವಿಗೆ ಬೆಂಕಿಯೂ ಹತ್ತುತ್ತದೆ. ಮಷಿನ್ ಓಡಿಸಿಟ್ಟು ಚಹಾಕ್ಕೆ ಹೋಗುವುದು ಬೇಡ.

ಯಾವ ಬಣ್ಣ? ನೀರಿನ ಅಕ್ರಿಲಿಕ್ ಬಣ್ಣ. ಫೆವಿಕ್ರಿಲ್, ಕ್ಯಾಮೆಲ್, ಯಾವುದೂ ಆದೀತು. ಥಿನ್ನರ್ ಇರುವ ಸ್ಪ್ರೇ ಪೇಂಟ್, ಅಸಿಟೋನ್, ಸ್ಪಿರಿಟ್ ದೂರ ಇಡಿ. ಲೇಸರ್ ಕತ್ತರಿಸಿದ ಅಂಚಿನಲ್ಲಿ, ಕೊರೆದ ಜಾಗದಲ್ಲಿ ಕಾದು ತಣಿದ ಒತ್ತಡ ಉಳಿದಿರುತ್ತದೆ. ಅಲ್ಲಿಗೆ ಥಿನ್ನರ್ ತಾಗಿದರೆ ಕೂದಲಿನಂಥ ಬಿರುಕುಗಳು ಏಳುತ್ತವೆ. ಕೆಲವು ಸಲ ಆ ಕ್ಷಣವೇ, ಕೆಲವು ಸಲ ಮನೆಗೆ ಕೊಟ್ಟ ಮೇಲೆ. ಬಿದ್ದ ಬಿರುಕಿಗೆ ಮದ್ದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಶೀಟನ್ನು 80 ಡಿಗ್ರಿ ಹತ್ತಿರ ಗಂಟೆಗಟ್ಟಲೆ ಕಾಯಿಸಿ, ನಿಧಾನ ತಣಿಸಿ ಒತ್ತಡ ಇಳಿಸುತ್ತಾರೆ. ನಮಗೆ ಅದು ಸಾಧ್ಯ ಇಲ್ಲ, ಹಾಗಾಗಿ ನೀರಿನ ಬಣ್ಣವೇ ಸರಿ.

ಮಳೆಗಾಲದಲ್ಲಿ ನೀರಿನ ಬಣ್ಣ ಒಣಗುವುದೇ ಇಲ್ಲ ಅಂತ ನೀವು ಹೇಳುತ್ತೀರಿ. ನಿಜ. ಜುಲೈಯಲ್ಲಿ ಎರಡು ಕೈಗಳ ನಡುವೆ ಒಂದು ರಾತ್ರಿ ಬಿಡಿ, ಗಿರಾಕಿಗೆ ಮೊದಲೇ ಹೇಳಿ. ಹೇರ್ ಡ್ರೈಯರ್ ಹಿಡಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಫ್ಯಾನ್ ಸಾಕು. ಲೇಸರ್ ಟ್ಯೂಬಿಗೆ ತಣ್ಣೀರು ಹರಿಸುವ ಚಿಲ್ಲರ್ ಬಗ್ಗೆಯೂ ಒಂದು ಮಾತು. ಮಷಿನ್ ಜೊತೆ ಬರುವ ಪುಸ್ತಕದಲ್ಲಿ 18, 20 ಡಿಗ್ರಿ ಅಂತ ಬರೆದಿರಬಹುದು. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಬಿಸಿ, 24 ಡಿಗ್ರಿ ಆಸುಪಾಸು. ಅದಕ್ಕಿಂತ ತಣ್ಣಗಿನ ನೀರು ಹರಿದರೆ ಟ್ಯೂಬಿನ ಹೊರಮೈ ಬೆವರುತ್ತದೆ. ಅಲ್ಲೇ ಹೈ ವೋಲ್ಟೇಜ್ ವೈರ್ ಇರುವುದು. 25 ಡಿಗ್ರಿಗೆ ಇಡಿ.

ಬಣ್ಣ ಒಂದಕ್ಕಿಂತ ಹೆಚ್ಚಾದಾಗ ಏನು ಮಾಡಬೇಕು ಅಂತ ಯಕ್ಷಗಾನದ ಸ್ಮರಣಿಕೆಯ ಉದಾಹರಣೆಯಿಂದ ಹೇಳುತ್ತೇನೆ. ಕಿರೀಟ, ಕಪ್ಪು ಗೆರೆ, ಗೆರೆಯ ನಡುವೆ ಕೆಂಪು, ಹಳದಿ, ಹಸಿರು. ಹಿಂದಿನಿಂದ ಕೊರೆಯುವಾಗ ಎದುರಿಗೆ ಕಾಣಬೇಕಾದದ್ದು ಮೊದಲು. ಹಾಗಾಗಿ ಕಪ್ಪು ಗೆರೆಯನ್ನು 0.6 ಮಿಲಿಮೀಟರ್ ಆಳಕ್ಕೆ ಕೊರೆದು, ಕಪ್ಪು ತುಂಬಿ, ಒರೆಸಿ, ಒಣಗಿಸಿ. ಆಮೇಲೆ ಕೆಂಪು ಜಾಗವನ್ನು 0.3 ಆಳಕ್ಕೆ ಕೊರೆಯಿರಿ, ಕಪ್ಪು ಗೆರೆಯ ಮೇಲೆ ಸ್ವಲ್ಪ ಹತ್ತುವ ಹಾಗೆ. ಲೇಸರ್ ಮೇಲಿನ ಕಪ್ಪನ್ನು ಸುಟ್ಟು ತೆಗೆದರೂ ಆಳದಲ್ಲಿರುವ ಕಪ್ಪು ಉಳಿಯುತ್ತದೆ. ಎದುರಿನಿಂದ ಗೆರೆ ಹಾಗೇ ಇರುತ್ತದೆ, ಕೆಂಪು ಅದರ ಬುಡಕ್ಕೆ ಬಂದು ನಿಲ್ಲುತ್ತದೆ, ನಡುವೆ ಖಾಲಿ ಸಂದು ಬರುವುದಿಲ್ಲ. ಹಳದಿಗೂ ಹಸಿರಿಗೂ ಹೀಗೆಯೇ. ಹೊರಗಿನ ಆಕಾರ ಕತ್ತರಿಸುವುದು ಎಲ್ಲ ಬಣ್ಣ ಮುಗಿದ ಮೇಲೆ. ಪ್ರತಿ ಸಲ ಶೀಟ್ ತೆಗೆದು ಇಡುವಾಗ ಅದೇ ಜಾಗಕ್ಕೆ ಬರಬೇಕಲ್ಲ, ಅದಕ್ಕೆ ಎಂಡಿಎಫ್ ಅನ್ನುವ ಮರದ ನಾರಿನ ಹಲಗೆಯಲ್ಲಿ ಒಂದು ಮೂಲೆಗಟ್ಟು ಕತ್ತರಿಸಿ ಮಷಿನ್ನಿನ ಬೆಡ್ಡಿಗೆ ಬಿಗಿಯಿರಿ.

ಕೆಳಗೆ ಎಲ್‌ಇಡಿ ಇಟ್ಟು ಅಕ್ಷರ ಬೆಳಗಿಸುವ ಹಲಗೆಗೆ ಬಣ್ಣ ತುಂಬಬೇಡಿ. ಅಲ್ಲಿ ಬೆಳಕನ್ನು ಚದುರಿಸುವುದು ಆ ಗಾಳಿಯ ಗುಂಡಿಗಳೇ. ಬಣ್ಣ ಅವನ್ನು ಮುಚ್ಚಿ ಬೆಳಕನ್ನು ಕುಡಿದುಬಿಡುತ್ತದೆ.

ಗೋಡೆಗೆ ಹಾಕುವಾಗ ತೂತನ್ನು ಸ್ಕ್ರೂಗಿಂತ ಒಂದೂವರೆ, ಎರಡು ಮಿಲಿಮೀಟರ್ ದೊಡ್ಡದು ಮಾಡಿ. 60 ಸೆಂಟಿಮೀಟರ್ ಹಲಗೆ 20 ಡಿಗ್ರಿ ಬಿಸಿಯಾದರೆ ಸುಮಾರು 0.8 ಮಿಲಿಮೀಟರ್ ಹಿಗ್ಗುತ್ತದೆ. ತೂತು ಬಿಗಿ ಇದ್ದರೆ ಏಪ್ರಿಲ್ ಬಿಸಿಲಿಗೆ ಮೂಲೆಯಿಂದ ಬಿರುಕು ಬರುತ್ತದೆ. ಮನೆಯವರಿಗೆ ಕನ್ನಡದಲ್ಲಿ ಒಂದು ಚೀಟಿ ಬರೆದು ಹಲಗೆಯ ಜೊತೆಗೇ ಕೊಡಿ: ಸಾಬೂನು ನೀರು, ಮೆತ್ತಗಿನ ಹತ್ತಿ ಬಟ್ಟೆ, ಬೇರೆ ಏನೂ ಬೇಡ. ಗಾಜು ಒರೆಸುವ ದ್ರವದಲ್ಲಿ ಅಮೋನಿಯಾ ಅಥವಾ ಸ್ಪಿರಿಟ್ ಇರಬಹುದು, ಹಬ್ಬಕ್ಕೆ ಮನೆ ತೊಳೆಯುವವರು ಮೊದಲು ಕೈಗೆತ್ತಿಕೊಳ್ಳುವುದೂ ಅದನ್ನೇ.